ರಾಜನ ಹೆಗಲಿಗೆ ಒಂದೊಂದು ಗೇಣು

ಅಕ್ಕ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡಳೆಂದರೆ ಮುಗಿಯಿತು, ಆಮೇಲೆ ಯಾರ ಮಾತೂ ನಡೆಯುವುದಿಲ್ಲ. ನಾಟಕ ತಂಡದ ಬಟ್ಟೆಬರೆಯೆಲ್ಲ ಅವಳ ಕೈಯಲ್ಲೇ. ರಂಗಮಂದಿರದ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಅವಳು ಎಂಟುನೂರು ವರ್ಷ ಹಿಂದಿನ ಅರಮನೆಯೊಂದನ್ನು ರಿಪೇರಿ ಮಾಡುತ್ತಿದ್ದಳು. ಹುರಿಯಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದ ಕವಚಗಳಿಗೆ ಗುಂಡಿ ಹಾಕಿದಳು. ಸೇನಾಪತಿಯ ಕತ್ತಿ ನೆಲ ಗುಡಿಸುತ್ತಿತ್ತು. ಅದರ ಪಟ್ಟಿಯನ್ನು ನಾಲ್ಕು ಬೆರಳು ಮೇಲೇರಿಸಿದಳು. ಇನ್ನು ಉಳಿದದ್ದು ರಾಜ.

ರಾಜ ಅಂದರೆ ಅವಳ ತಮ್ಮ. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಈ ತಂಡದಲ್ಲಿ ಹದಿನೈದು ವರ್ಷ ಈಟಿ ಹಿಡಿದು ಬಾಗಿಲು ಕಾದ ಮೇಲೆ ಈ ಸಲ ಮೊದಲ ಬಾರಿಗೆ ಕಿರೀಟ ಅವನ ತಲೆಗೆ ಬಂದಿತ್ತು. ಮಾತು ಖಣಖಣ ಅನ್ನುತ್ತಿತ್ತು, ನಡಿಗೆಯದೇ ಗೋಳು. ನಿರ್ದೇಶಕರು ನಿನ್ನೆ ಅಕ್ಕನ ಮುಂದೆಯೇ ಹೇಳಿಬಿಟ್ಟಿದ್ದರು.

“ರಾಜ ಬಂದ್ರೆ ಜನ ದಾರಿ ಬಿಡ್ಬೇಕು. ಇವ್ರು ನೋಡಿದ್ರೆ ತಾವೇ ಪಕ್ಕಕ್ಕೆ ತಿರುಗಿ ನುಸುಳ್ತಾರೆ. ನಾಳೆ ನಾಲ್ಕು ಗಂಟೆ ತಾಲೀಮಲ್ಲೂ ಹೀಗೇ ಆದ್ರೆ ಕಿರೀಟ ಸೇನಾಪತಿಗೆ.”

ತುಂಬಿದ ಬಸ್ಸಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು, “ಸ್ವಲ್ಪ ಜರುಗಿ ಸಾರ್” ಅನ್ನುತ್ತ ಅರ್ಧ ಆಯುಷ್ಯ ಕಳೆದವನಿಗೆ ಬೇರೆ ನಡಿಗೆ ಎಲ್ಲಿಂದ ಬರಬೇಕು? ತಮ್ಮ ರಾತ್ರಿ ಊಟವನ್ನೇ ಬಿಟ್ಟಿದ್ದ. ಅದು ಅಕ್ಕನ ಕರುಳಿಗೆ ತಾಗಿತ್ತು. ಆದರೆ ಕಣ್ಣೀರು ಹಾಕುವ ಪೈಕಿ ಅವಳಲ್ಲ, ಕತ್ತರಿ ಹಾಕುವ ಪೈಕಿ.

“ಕೈ ಎತ್ತು,” ಎಂದಳು. ನಿಲುವಂಗಿಯ ಎರಡೂ ಹೆಗಲಿಗೆ ಒಂದೊಂದು ಗೇಣು ಅಗಲ ಕೊಟ್ಟು, ಒಳಗೆ ಬೆತ್ತದ ಸೀಳಿಟ್ಟು, ಹತ್ತಿ ತುಂಬಿ ಹೊಲಿದಿದ್ದಳು.

ತಮ್ಮ ಕನ್ನಡಿ ನೋಡಿ ಗಾಬರಿಯಾದ. “ಇದೇನಕ್ಕಾ, ಬೀರು ಹೊತ್ಕೊಂಡ ಹಾಗಿದೆ!”

“ಇರ್ಲಿ. ಇದನ್ನ ಹಾಕ್ಕೊಂಡು ಅದು ಹೇಗೆ ನುಸುಳ್ತೀಯೋ ನಾನೂ ನೋಡ್ತೀನಿ.”

ನಾಲ್ಕಕ್ಕೆ ತಾಲೀಮು ಶುರುವಾಯಿತು. ಅಕ್ಕ ಪರದೆಯ ಮರೆಯಲ್ಲಿ ನಿಂತಳು. ಸೈನಿಕರ ಎರಡು ಸಾಲಿನ ನಡುವೆ ರಾಜ ಬಂದ. ಹೆಗಲು ಈಟಿಗಳಿಗೆ ತಾಗುತ್ತಲೇ ಸೈನಿಕರು ತಾವಾಗಿ ಹಿಂದೆ ಸರಿದರು. ನಿರ್ದೇಶಕರು ಕುರ್ಚಿಯಲ್ಲಿ ನೆಟ್ಟಗಾದರು. ಅಕ್ಕ ಒಳಗೊಳಗೇ ಬೀಗಿದಳು.

ಬೀಗಿದ ಮರುಗಳಿಗೆಯೇ ಅವಳ ಕಣ್ಣು ರಾಜನ ಮುಂದಿನ ದಾರಿಗೆ ಹೋಯಿತು. ಮುಂದಿರುವುದು ಕೋಟೆಯ ಬಾಗಿಲು! ರಟ್ಟಿನ ಎರಡು ಗೋಡೆ, ನಡುವೆ ಎರಡೂವರೆ ಅಡಿ ಸಂದು. ಊರಿನ ಸೊಂಟವನ್ನೆಲ್ಲ ಬಾಯಿಪಾಠ ಇಟ್ಟುಕೊಂಡವಳು ಬಾಗಿಲಿಗೆ ಟೇಪು ಹಿಡಿಯುವುದನ್ನೇ ಮರೆತಿದ್ದಳು.

ರಾಜನ ಹೆಗಲೆರಡೂ ಗೋಡೆಗೆ ಬಡಿದವು. ಕೋಟೆ ಅಲ್ಲಾಡಿತು. ಯಾರೋ ಕಿಸಕ್ಕೆಂದರು. ಸೇನಾಪತಿ ನಗು ತಡೆಯಲು ಮೀಸೆ ತಿರುವಿಕೊಂಡ.

“ಪಕ್ಕಕ್ಕೆ ತಿರುಗೋ!” ಅಕ್ಕ ಮರೆಯಿಂದಲೇ ಪಿಸುಗುಟ್ಟಿದಳು, ಕೈಸನ್ನೆಯನ್ನೂ ಮಾಡಿದಳು. “ನುಸುಳಿಬಿಡೋ, ನನ್ನಪ್ಪಾ!”

ತಮ್ಮ ಅವಳತ್ತ ಕಣ್ಣು ಹಾಯಿಸಿದ. ತಿರುಗಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಹೆಗಲು ಸೆಟೆದು ನಿಂತ. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುತ್ತಿದ್ದ ಆ ಗಂಟಲಲ್ಲಿ ಎರಡೇ ಮಾತು ಹೇಳಿದ.

“ಗೋಡೆ ಸರಿಸಿ.”

ನಾಟಕದಲ್ಲಿ ಇಲ್ಲದ ಮಾತು. ಆದರೂ ಸೈನಿಕರು ಈಟಿ ಕೆಳಗಿಟ್ಟು ಓಡಿದರು. ಮೀಸೆ ಬಿಟ್ಟು ಸೇನಾಪತಿಯೂ ಓಡಿದ. ಎರಡು ಕಡೆಯಿಂದ ಎಳೆದರೆ ಕೋಟೆಯೇ ಕಿರ್ರೆಂದು ಬಾಯಿಬಿಟ್ಟಿತು. ರಾಜ ಆತುರವಿಲ್ಲದೆ ನಡುವೆ ನಡೆದುಹೋದ.

“ನನ್ನ ಗೋಡೆ!” ಎಂದು ಕೋಟೆ ಕಟ್ಟಿದ್ದ ಬಡಗಿ ಕೂಗಿದ.

“ದಿನಾ ಹೀಗೇ ಸರಿಯೋ ಹಾಗೆ ಗಾಲಿ ಹಾಕಪ್ಪ,” ಎಂದರು ನಿರ್ದೇಶಕರು. “ರಾಜರು ಇವ್ರೇ.”

ತಾಲೀಮು ಮುಗಿದ ಮೇಲೆ ಅಕ್ಕ ತಮ್ಮನನ್ನು ಹುಡುಕಿಕೊಂಡು ಹೊರಟಳು. ಇಕ್ಕಟ್ಟಿನ ಓಣಿಯಲ್ಲಿ ಅವನು ವೇಷದಲ್ಲೇ ಎದುರು ಬಂದ. ಅಳತೆ ತಪ್ಪಿದ್ದು ನನ್ನಿಂದ ಅನ್ನಬೇಕೆಂದಿದ್ದಳು. ಅಷ್ಟರಲ್ಲಿ ತನಗೇ ತಿಳಿಯದ ಹಾಗೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಿದ್ದಳು.

“ಥೂ, ನೀನ್ಯಾಕಕ್ಕಾ ಜರುಗ್ತೀಯ?” ಎಂದ ತಮ್ಮ. ಹಾಗೆನ್ನುತ್ತಲೇ ಹೊಟ್ಟೆ ಒಳಗೆಳೆದುಕೊಂಡು, ಅಷ್ಟಗಲದ ಹೆಗಲನ್ನು ಓರೆ ಮಾಡಿ, ಅವಳೊಬ್ಬಳಿಗೆ ಜಾಗ ಬಿಟ್ಟ.