ಕೆಂಪು ತೇಪೆಯ ನೌಕೆ

ಸೊಸೆ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ ವಾರವೇ, ಅವಳು ಎಂಟು ತಿಂಗಳಿಂದ ಕಾಯುತ್ತಿದ್ದ ಪೆಟ್ಟಿಗೆ ಮನೆಗೆ ಬಂತು. ಒಳಗೆ ರಾಶಿ ರಾಶಿ ಪುಟಾಣಿ ಪ್ಲಾಸ್ಟಿಕ್ ಇಟ್ಟಿಗೆಗಳು. ಒಂದಕ್ಕೊಂದು ಒತ್ತಿ ಕೂರಿಸುತ್ತಾ ಹೋದರೆ ಅವಳು ಆಡುವ ವಿಡಿಯೋ ಗೇಮಿನ ಬಾಹ್ಯಾಕಾಶ ನೌಕೆ ಆಗುತ್ತದಂತೆ. ಕೈಗೆ ನೋಡಿದರೆ ಆರು ವಾರದ ಪ್ಲಾಸ್ಟರ್. ಪೆಟ್ಟಿಗೆಯ ಮುಂದೆ ಅವಳು ಮುಖ ಸಣ್ಣಗೆ ಮಾಡಿಕೊಂಡು ಕೂತದ್ದನ್ನು ಅತ್ತೆಗೆ ನೋಡಲಾಗಲಿಲ್ಲ.

"ನೀನು ಹೇಳ್ತಾ ಹೋಗು, ನಾನು ಕೂರಿಸ್ತೀನಿ."

"ನೀವಾ ಅತ್ತೆ? ತುಂಬಾ ಸಣ್ಣ ಸಣ್ಣದು."

"ಮೂವತ್ತು ವರ್ಷ ಶಾಲೆ ಮಕ್ಕಳ ಅಂಗಿಗೆ ಗುಂಡಿ ಹಚ್ಚಿದೀನಿ. ಅದಕ್ಕಿಂತ ಸಣ್ಣದಾ ಇದು?"

ಮೂರು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಇಬ್ಬರೂ ಮಾತಿಗೆ ಜಿಪುಣರು. ಊಟ ಆಯ್ತಾ, ಬೀಗ ಹಾಕಿದೆಯಾ ಅನ್ನುವುದರಾಚೆ ಹೋದದ್ದು ಕಮ್ಮಿ. ಮುನಿಸೇನಿಲ್ಲ, ರೂಢಿಯಿಲ್ಲ, ಅಷ್ಟೇ. ಈಗ ದಿನಾ ಸಂಜೆ ಊಟದ ಮೇಜಿನ ಮೇಲೆ ಅತ್ತೆಯ ಹೊಲಿಗೆಯ ಗುಂಡಿ ಡಬ್ಬಿಗಳ ತುಂಬ ಇಟ್ಟಿಗೆ ವಿಂಗಡಿಸಿಕೊಂಡು ಕೂತರು. ಸೊಸೆ ಪೆಟ್ಟಿಗೆಯಲ್ಲಿದ್ದ ಪುಸ್ತಕ ನೋಡಿ ಹೇಳುವುದು, ಅತ್ತೆ ಟಕ್ಕೆಂದು ಒತ್ತುವುದು. ಎಂಟನೇ ದಿನಕ್ಕೆ ಬೂದು ಬಣ್ಣದ ನೌಕೆ ನಿಂತಿತು. ಎರಡು ರೆಕ್ಕೆ ಸಮಸಮ, ಎಲ್ಲೂ ಒಂದು ಕೂದಲೆಳೆಯಷ್ಟೂ ಸೊಟ್ಟಗಿಲ್ಲ. ಅತ್ತೆಗೆ ಹಿಗ್ಗು.

"ಚೆನ್ನಾಗಿದೆ ಅತ್ತೆ. ಆದ್ರೆ ಇದು ಪೆಟ್ಟಿಗೆಯವರ ನೌಕೆ. ನನ್ನದು ಬೇರೆ ಥರ ಇದೆ."

"ಹಾಗಾದ್ರೆ ಆಲ್ಟರ್ ಮಾಡ್ಬೇಕು ಅನ್ನು!" ಅತ್ತೆ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡರು.

ಸೊಸೆ ಟಿವಿಯಲ್ಲಿ ಗೇಮ್ ತೆರೆದಳು. ಅವಳ ನೌಕೆಗೆ ಎಡರೆಕ್ಕೆ ಗೇಣುದ್ದ ಹೆಚ್ಚು, ರೆಕ್ಕೆಯ ನಡುವೆ ಎದ್ದು ಕಾಣುವ ಕೆಂಪು ತೇಪೆ. ಅತ್ತೆ ಎದ್ದು ಹೋಗಿ ಪರದೆಗೇ ಟೇಪು ಹಿಡಿದರು. "ನೌಕೆ ಅಲ್ಲಾಡಿಸಬೇಡ ಕಣಮ್ಮ, ಅಳತೆ ತಗೊಳ್ತಿದೀನಿ." ಸೊಸೆ ನಕ್ಕು ನಕ್ಕು ಪ್ಲಾಸ್ಟರಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡಳು.

ಉದ್ದ ಮಾಡಿದ ರೆಕ್ಕೆ ಮಾರನೇ ದಿನ ಜೋತುಬಿತ್ತು. "ಕಾಲರು ನೆಟ್ಟಗೆ ನಿಲ್ಲೋಕೆ ಒಳಗಡೆ ಕ್ಯಾನ್ವಾಸ್ ಬಟ್ಟೆ ಇಡಲ್ವಾ, ಹಾಗೆ ಮಾಡೋಣ," ಎಂದು ಅತ್ತೆ ನೌಕೆ ನಿಲ್ಲಿಸುವ ಪೀಠದಿಂದ ಉದ್ದನೆಯ ಪಟ್ಟಿಗಳನ್ನು ಬಿಚ್ಚಿ, ಮೇಲಿನ ಸಂದಿಗೆ ಕೆಳಗಿನ ಸಂದಿ ಸೇರದ ಹಾಗೆ ಅಡಿಯಲ್ಲಿ ಕೊಟ್ಟರು. ರೆಕ್ಕೆ ನೆಟ್ಟಗೆ ನಿಂತಿತು. ತೇಪೆಗೆ ಮಾತ್ರ ಅವರ ಮನಸ್ಸು ಒಪ್ಪಲಿಲ್ಲ.

"ತೇಪೆ ಕಾಣದ ಹಾಗೆ ಮಾಡೋದೇ ನನ್ನ ಕಸುಬು. ಹೊಸದಕ್ಕೆ ಬೇಕಂತ ತೇಪೆ ಹಾಕ್ತಾರಾ ಯಾರಾದ್ರೂ?"

ಸೊಸೆ ಪುಸ್ತಕ ಮಡಿಸಿಟ್ಟಳು. "ಹಾಸ್ಟೆಲಲ್ಲಿದ್ದಾಗಿನದು ಅತ್ತೆ. ರಜೆಗೆ ಎಲ್ಲರೂ ಮನೆಗೆ ಹೋದ್ರು, ನನಗೆ ಹೋಗೋಕೆ ಮನೆ ಇರಲಿಲ್ಲ. ಒಬ್ಬಳೇ ಆಡ್ತಾ ಕೂತಿದ್ದೆ. ಗೇಮಲ್ಲಿ ರೆಕ್ಕೆ ಒಡೆದು ಹೋಯ್ತು, ಸರಿಯಾದ ಬಣ್ಣ ಸಿಗಲಿಲ್ಲ, ಸಿಕ್ಕಿದ್ದು ಹಾಕ್ದೆ. ಅದರಲ್ಲೇ ಆಟದ ಕೊನೆ ತನಕ ಹೋದೆ."

ಅತ್ತೆ ನೌಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನೌಕೆಯ ಹೊಟ್ಟೆಯೊಳಗೆ, ಹೊರಗೆ ಕಾಣದ ಕಡೆ ಕೆಂಪು, ಹಳದಿ ತುಂಡುಗಳಿದ್ದವು. ಕೆಂಪನ್ನು ಒಂದೊಂದಾಗಿ ಬಿಡಿಸಿ, ಅಲ್ಲಿಗೆ ಬೂದು ತುಂಬಿ, ಕೆಂಪನ್ನು ರೆಕ್ಕೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂರಿಸಿದರು.

ನಾಲ್ಕು ದಿನ ಕಳೆದಿರಬೇಕು. ಸೊಸೆ ಅಂಗಡಿಗೆ ಹೋಗಿದ್ದಳು. ಒಂದು ಕೈಯಲ್ಲಿ ಬಿಲ್ ಹಾಕುವ ಕೆಲಸವಷ್ಟೇ ಮಾಡುತ್ತಿದ್ದಳು. ಮೇಜು ಒರೆಸುವಾಗ ಅತ್ತೆಯ ಮೊಣಕೈ ತಗುಲಿ ನೌಕೆ ನೆಲಕ್ಕೆ ಬಿತ್ತು. ಎಡರೆಕ್ಕೆ ಚೂರು ಚೂರು. ಅತ್ತೆ ಊಟವನ್ನೂ ಮಾಡದೆ, ಮಂಚದಡಿ, ಕಪಾಟಿನಡಿ ತೆವಳಿ ತುಂಡು ಆಯ್ದರು. ಬದಲಿಸಿದ ರೆಕ್ಕೆ ಹೇಗಿತ್ತೆಂದು ಪುಸ್ತಕದಲ್ಲಿ ಎಲ್ಲಿದೆ? ಬೆರಳಿನ ನೆನಪಿನಲ್ಲೇ ಕಟ್ಟಿದರು. ಎಲ್ಲ ಸೇರಿತು, ಒಂದು ಕೆಂಪು ತುಂಡು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಜಾಗಕ್ಕೆ ಹಳದಿಯದೊಂದನ್ನು ಇಟ್ಟು, ಬಾಗಿಲು ನೋಡುತ್ತಾ ಕೂತರು.

ಸೊಸೆ ಚಪ್ಪಲಿ ಬಿಡುವ ಮೊದಲೇ ಒಪ್ಪಿಸಿಬಿಟ್ಟರು. "ಬೀಳಿಸಿಬಿಟ್ಟೆ ಕಣಮ್ಮ. ಒಂದು ಕೆಂಪು ಕಳೆದು ಹೋಯ್ತು. ಹಳದಿ ಹಾಕಿದೀನಿ. ಬೈಯೋದಾದ್ರೆ ಬೈ."

ಸೊಸೆ ಬಗ್ಗಿ ರೆಕ್ಕೆಯನ್ನು ನೋಡಿದಳು. ಬೆರಳಿಂದ ಹಳದಿಯನ್ನು ಮುಟ್ಟಿದಳು. ಅತ್ತೆಯ ಸೆರಗಿಗೆ, ಮೊಣಕಾಲಿಗೆ ಮೆತ್ತಿದ್ದ ಮಂಚದಡಿಯ ಧೂಳನ್ನೂ ನೋಡಿದಳು.

"ಊಟ ಮಾಡಿಲ್ಲ ಅಲ್ವಾ ನೀವು?"

"ಎಲ್ಲಿಂದ ಸೇರುತ್ತೆ?"

ಅವಳು ಎಡಗೈಯಲ್ಲೇ ತಟ್ಟೆ ತಂದು ಅತ್ತೆಯ ಮುಂದಿಟ್ಟಳು. ಆಮೇಲೆ ಪಕ್ಕದಲ್ಲಿ ಕೂತು ಗೇಮ್ ಹಾಕಿದಳು. ಹಾರಲಿಲ್ಲ, ಯುದ್ಧಕ್ಕೂ ಹೋಗಲಿಲ್ಲ. ನೌಕೆಯನ್ನು ರಿಪೇರಿ ಅಡ್ಡೆಗೆ ತಂದು ನಿಲ್ಲಿಸಿ, ಬಣ್ಣಗಳ ಪಟ್ಟಿ ತೆರೆದು, ಹಳದಿ ಆರಿಸಿದಳು.

"ಎಲ್ಲಿ ಬರುತ್ತೆ ಅತ್ತೆ, ಇಲ್ಲೇನಾ?"

ಅತ್ತೆ ತುತ್ತು ಕೈಯಲ್ಲೇ ಹಿಡಿದುಕೊಂಡು ಪರದೆಯನ್ನು ದಿಟ್ಟಿಸಿದರು.

"ಇನ್ನೊಂಚೂರು ಕೆಳಗೆ. ಹಾಂ, ಅಲ್ಲೇ. ಈಗ ಸರಿಹೋಯ್ತು."