ಬಲಗಡೆಯ ಕಲೆಗಳು

ಹುಬ್ಬಳ್ಳಿಯ ಕ್ಲಬ್ಬಿನಲ್ಲಿ ಹೊಳೆಯಪ್ಪ ಮಾರ್ಕರ್ ಆಗಿದ್ದ. ಮಾರ್ಕರ್ ಎಂದರೆ ಸಂಬಳಕ್ಕೆ ಟೆನಿಸ್ ಆಡುವವನು. ಸಾಹೇಬರ ಎದುರು ನಿಂತು ಅವರ ಕೈ ಪಳಗಿಸುವುದೇ ಅವನ ಕಾಯಕ. ಅರವತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಹುಬ್ಬಳ್ಳಿ, ಧಾರವಾಡದ ಎರಡು ಕ್ಲಬ್ಬುಗಳು ಕೂಡಿ ಒಂದಾದವು. ಮಾರ್ಕರ್ ಒಬ್ಬನೇ ಸಾಕು, ಆಡಿ ಗೆದ್ದವನು ಉಳಿಯಲಿ ಎಂದಿತು ಕಮಿಟಿ. ಸೋತರೆ ಹೊಳೆಯಪ್ಪ ತಾನು ವಾಸವಿದ್ದ ಕೋರ್ಟಿನ ಹಿಂದಿನ ಖೋಲಿಯನ್ನೂ ಬಿಡಬೇಕು.

ಎದುರಾಳಿ ಧಾರವಾಡದ ಅಮೀನಸಾಬ, ಹಳೆಯ ಗೆಳೆಯ. ಹೊಳೆಯಪ್ಪನ ಹೆಂಡತಿ ಬಾಳವ್ವ ಬೆಳಿಗ್ಗೆಯೇ ಕೋರ್ಟಿಗೆ ಸೆಗಣಿ ಸಾರಿಸಿ ಸುಣ್ಣದ ಗೆರೆ ಎಳೆದಿದ್ದಳು. ಹೊಳೆಯಪ್ಪ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಸಿದ್ಧಾರೂಢಜ್ಜನನ್ನು ನೆನೆದು ರಾಕೆಟ್ ಹಿಡಿದ.

ಮೊದಲ ಸೆಟ್ ನೋಡನೋಡುತ್ತ ಕೈಬಿಟ್ಟು ಹೋಯಿತು. ಚೆಂಡು ಬೀಳುವ ಮೊದಲೇ ಅಮೀನಸಾಬ ಅಲ್ಲಿ ನಿಂತಿರುತ್ತಿದ್ದ.

“ಏನೋ, ಮಂತ್ರಾ ಗಿಂತ್ರಾ ಮಾಡಿಸ್ಕೊಂಡು ಬಂದೀಯೇನು?” ಎಂದ ಹೊಳೆಯಪ್ಪ.

“ಮಂತ್ರ ಯಾಕಪಾ? ನೀ ಬಡಸಾಕತ್ತೀದಿ, ನಾ ಉಣ್ಣಾಕತ್ತೇನಿ!”

ಬದಿ ಬದಲಾಯಿತು. ಅಮೀನಸಾಬ ಆಡಿದ ಜಾಗಕ್ಕೆ ಬಂದ ಹೊಳೆಯಪ್ಪ ನೆಲ ನೋಡಿದ. ತಾನು ಹೊಡೆದ ಚೆಂಡಿನ ಕಲೆಗಳೆಲ್ಲ ಬಲಗಡೆಗೇ, ಹಿಟ್ಟು ನಾದುವ ಒಂದು ಪರಾತ ಬೋರಲು ಹಾಕಿದರೆ ಮುಚ್ಚುವಷ್ಟು ಜಾಗದಲ್ಲಿ. ಎಡಮೂಲೆ ಸಾರಿಸಿದ ಹಾಗೆಯೇ ಇತ್ತು.

ಆಗ ತಿಳಿಯಿತು. ಹೊಡೆಯಲು ಸಲೀಸಾಗಲೆಂದು ವರ್ಷಗಟ್ಟಲೆ ಸಾಹೇಬರ ಬಲಗೈಗೇ ಚೆಂಡು ಕೊಟ್ಟ ಕೈ ಇದು. ಉಸಿರು ಸಿಕ್ಕಿಕೊಂಡಾಗ ತಾನಾಗಿ ಅಲ್ಲಿಗೇ ಕಳಿಸುತ್ತದೆ. ಅಮೀನಸಾಬನೂ ಮಾರ್ಕರನೇ, ಈ ರೂಢಿ ಅವನಿಗೆ ಹೊಸದೆ?

ಎಡಕ್ಕೆ ಹೊಡೆಯಹೋದ. ಕೈ ಒಗ್ಗಲಿಲ್ಲ, ಚೆಂಡು ಗೆರೆ ದಾಟಿತು, ನೆಟ್ಟಿಗೆ ಬಿತ್ತು.

“ಯಾಕ ಗಡಬಡಿ ಮಾಡ್ತೀರಿ? ನಿಂತು ಹೊಡೀರಿ!” ಬೇಲಿಯಾಚೆಯಿಂದ ಬಾಳವ್ವನ ದನಿ.

ಹೊಳೆಯಪ್ಪ ನಿಧಾನಿಸಿದ. ರೂಢಿಯನ್ನು ಬಿಡುವ ಬದಲು ಅದನ್ನೇ ದುಡಿಸಿಕೊಂಡ. ಎರಡು ಚೆಂಡು ಬಲಕ್ಕೇ ಕೊಡುವುದು. ಅಮೀನಸಾಬ ಅತ್ತ ವಾಲಿದ ಮೇಲೆ ಮುಂದಿನದನ್ನು ಎಡಮೂಲೆಗೆ ಇಡುವುದು. ಎರಡನೆಯ ಸೆಟ್ ಹೊಳೆಯಪ್ಪನ ಕೈಗೆ ಬಂತು. ಕಡೆಯ ಸೆಟ್ಟಿನಲ್ಲಿ ಅಮೀನಸಾಬನ ಕಾಲು ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ತಡವರಿಸಿತು. ಕೊನೆಯ ಚೆಂಡು ಖಾಲಿ ಎಡಮೂಲೆಯಲ್ಲಿ ಕುಪ್ಪಳಿಸಿದಾಗ ಸಾಹೇಬರ ಕೈಗೆ ಸಿಗದಂತೆ ಚೆಂಡು ಹೋದಾಗಲೆಲ್ಲ ಹೇಳುವ ಮಾತು ಹೊಳೆಯಪ್ಪನ ಬಾಯಿಂದ ತಾನಾಗಿ ಬಂತು: “ತಪ್ಪಾತ್ರೀ ಸಾಹೇಬರ!”

ಕುರ್ಚಿಯಲ್ಲಿ ಕೂತು ಆಟ ನೋಡುತ್ತಿದ್ದ ಕಮಿಟಿಯವರೆಲ್ಲ ನಕ್ಕರು. ಅಮೀನಸಾಬ ಮುಖ ಒರೆಸಿಕೊಂಡು ನೆಟ್ಟಿನ ಹತ್ತಿರ ಬಂದ.

“ಸೋತವಗ ಸಾಹೇಬ ಅಂತೀಯಲ್ಲೋ, ಖೋಡಿ!”

“ಮುಂದ ಎಲ್ಲಿಗೆ ಹೋಗ್ತೀ?”

“ಬೆಳಗಾವ್ಯಾಗ ಕೇಳಿ ನೋಡ್ತೇನಿ. ಬಲಗೈಗೆ ಚೆಂಡು ಕೊಡೂದು ನನಗೂ ಬರ್ತದಲ್ಲ.”

ಹೊಳೆಯಪ್ಪ ಗೆಳೆಯನ ರಾಕೆಟ್ಟನ್ನೂ ತಾನೇ ಹಿಡಿದು, “ನಡಿ, ಉಂಡು ಹೋಗುವಂತಿ,” ಎಂದು ಖೋಲಿಯ ಕಡೆ ಕರೆದುಕೊಂಡು ಹೋದ.