ಹಳದಿ ಕಪ್ಪೆಯ ಫೋಟೋ

ವಿಜಯನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಬೈರಯ್ಯ ಒಂದು ಭಾನುವಾರ ಕೆಂಗೇರಿ ಕೆರೆ ದಂಡೆಯಲ್ಲಿ, ಎಲೆಯ ಮೇಲೆ ಕೂತಿದ್ದ, ಹೆಬ್ಬೆರಳ ಉಗುರಿನಷ್ಟಿದ್ದ ಹಳದಿ ಮರಗಪ್ಪೆಯ ಫೋಟೋ ತೆಗೆದ. ಕಲರ್ ರೋಲು ತೊಳೆಸಿ ನೋಡಿದರೆ ಮೊದಲ ಚಿತ್ರದಲ್ಲಿ ಕಪ್ಪೆ ಹಳದಿ, ಕೊನೆಯದರಲ್ಲಿ ಕಂದು. ಎಲೆ ಮಾತ್ರ ಎರಡರಲ್ಲೂ ಅದೇ ಹಸಿರು.

“ಎರಡು ಕಪ್ಪೆ ಇರ್ಬೇಕು ಕಣ್ರೀ,” ಎಂದಳು ಹೆಂಡತಿ ನರಸಮ್ಮ.

“ಕಣ್ಣು ಮಿಟುಕಿಸದೆ ನೋಡ್ತಿದ್ದೆ ಕಣೇ. ಒಂದೇ!”

ವಾದ ಮುಗಿಯದೆ ಮರುವಾರ ಅವಳನ್ನೂ ಕರೆದೊಯ್ದ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಬಿಸಿಲಿನಿಂದ ನೆರಳಿಗೆ ಸರಿದ ಹಳದಿ ಕಪ್ಪೆ ಅವರ ಕಣ್ಣೆದುರೇ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು.

“ಹಂಗಾದ್ರೆ ಇದರ ನಿಜವಾದ ಬಣ್ಣ ಯಾವ್ದು ರೀ?” ನರಸಮ್ಮ ಪಿಸುಗುಟ್ಟಿದಳು.

ಎಷ್ಟೋ ಮದುಮಕ್ಕಳ ಮೈಬಣ್ಣವನ್ನು ಫೋಟೋದಲ್ಲಿ ತಿದ್ದಿ ಕೊಟ್ಟಿದ್ದ ಬೈರಯ್ಯ ಕ್ಯಾಮೆರಾ ಎತ್ತುವುದನ್ನೂ ಮರೆತು ಕಪ್ಪೆಯನ್ನೇ ನೋಡುತ್ತ ಕೂತ.